ಮಗುವಿಗೆ ಅಸ್ತಮಾ: ಹೈದರಾಬಾದ್‌ನಲ್ಲಿ ಯಾವ ವೈದ್ಯರನ್ನು ಕಾಣಬೇಕು?

ಜೂನ್‌ನಲ್ಲಿ ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಹೈದರಾಬಾದ್‌ನ ನಾಂಪಲ್ಲಿ ವಸ್ತುಪ್ರದರ್ಶನ ಮೈದಾನದಲ್ಲಿ ಬತ್ತಿನಿ ಕುಟುಂಬದ ಮೀನು ಪ್ರಸಾದಕ್ಕೆ ಜನ ಸಾಲುಗಟ್ಟುತ್ತಾರೆ. ಉಬ್ಬಸದ ಮಕ್ಕಳನ್ನೂ ಕರೆತರುತ್ತಾರೆ. ಅದರಿಂದ ಅಸ್ತಮಾ ಗುಣವಾಗುತ್ತದೆ ಎನ್ನಲು ವೈಜ್ಞಾನಿಕ ಪುರಾವೆ ಇಲ್ಲ. ನಂಬಿ ಹೋದವರೂ ಮಗುವಿನ ಇನ್‌ಹೇಲರ್ ಮಾತ್ರ ನಿಲ್ಲಿಸಬಾರದು.

ಮೊದಲು ಕಾಣಬೇಕಾದವರು ಮಕ್ಕಳ ತಜ್ಞರು. ಸರ್ಕಾರಿ ಚಿಕಿತ್ಸೆಗೆ 1953ರಲ್ಲಿ ಆರಂಭವಾದ ನಿಲೋಫರ್ ಆಸ್ಪತ್ರೆಯಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಶ್ವಾಸಕೋಶದ ಊದುವ ಪರೀಕ್ಷೆ ಕಷ್ಟ. ಹಾಗಾಗಿ ರಾತ್ರಿ ಕೆಮ್ಮು, ಉಬ್ಬಸ, ಮನೆಯವರಿಗಿರುವ ಅಲರ್ಜಿ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಸ್ಪೇಸರ್‌ಗೆ ಮಾಸ್ಕ್ ಹಾಕಿ ಔಷಧ ಕೊಡುವುದನ್ನು ಎದುರಿಗೇ ಕಲಿಸುವ ವೈದ್ಯರೇ ಸೂಕ್ತ. ಔಷಧ ಸರಿಯಾಗಿ ಕೊಟ್ಟರೂ ಉಬ್ಬಸ ಮರುಕಳಿಸಿದರೆ ಮಕ್ಕಳ ಶ್ವಾಸಕೋಶ ತಜ್ಞರನ್ನೋ ಅಲರ್ಜಿ ತಜ್ಞರನ್ನೋ ಕಾಣಬೇಕು. ಉಸಿರಾಡುವಾಗ ಪಕ್ಕೆ ಒಳಕ್ಕೆ ಸೆಳೆದರೆ, ತುಟಿ ನೀಲಿಯಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತಕ್ಷಣ ತುರ್ತು ವಿಭಾಗಕ್ಕೆ ಕರೆದೊಯ್ಯಬೇಕು.