ಮೋಡಿಯ ಗೂಬೆ

ಕೆನೊಜುವಾಕ್ ಅಶೆವಾಕ್ (1927–2013)
ಕಲ್ಲಿನ ಅಚ್ಚು, ಕಾಗದದ ಮೇಲೆ, 1960
ಕಿಂಗೈಟ್ (ಹಿಂದಿನ ಕೇಪ್ ಡಾರ್ಸೆಟ್), ಬ್ಯಾಫಿನ್ ದ್ವೀಪದ ಬಳಿ, ಕೆನಡಾ

ಇಂಥ ಗೂಬೆ ಯಾವ ಹಿಮಬಯಲಲ್ಲೂ ಹಾರುವುದಿಲ್ಲ. ತಲೆಯ ಗರಿಗಳು ಸೂರ್ಯಕಿರಣದ ಹಾಗೆ ಚಿಮ್ಮಿವೆ, ಬಾಲ ಬಾಗಿ ಮೇಲೆದ್ದಿದೆ, ಎರಡು ದುಂಡು ಕಣ್ಣುಗಳು ನೋಡುಗರ ಮೇಲೇ ನೆಟ್ಟಿವೆ. ಇದರ ಹಿಂದಿನ ಕಥೆಯೇನೆಂದು ಹುಡುಕುವವರೇ ಹೆಚ್ಚು. ಆದರೆ ಕೆನೊಜುವಾಕ್‌ಗೆ ಮುಖ್ಯವಾದದ್ದು ಗೆರೆ ಕಣ್ಣಿಗೆ ಹಿತವಾಗಿ ಕೂರುವುದು.

ಅವರು ಬರೆದದ್ದು ಪೆನ್ಸಿಲ್ ಚಿತ್ರ. ಅದನ್ನು ನಯಗೊಳಿಸಿದ ಕಲ್ಲಿಗೆ ಇಳಿಸಿ, ಬೇಡದ ಭಾಗ ಕೆತ್ತಿ ತೆಗೆದು, ಉಬ್ಬಿ ಉಳಿದದ್ದಕ್ಕೆ ಮಸಿ ಬಳಿದವರು ಬೇರೆ ಕುಶಲಕರ್ಮಿಗಳು. ಮಸಿಯ ಮೇಲೆ ತೆಳು ಜಪಾನಿ ಕಾಗದ ಹಾಸಿ, ಅದರ ಬೆನ್ನ ಮೇಲೆ ಕೈಯಿಂದ ಉಜ್ಜುತ್ತಾರೆ, ಯಂತ್ರದ ಒತ್ತಡವಿಲ್ಲ. ಕಿಂಗೈಟ್‌ನಲ್ಲಿ ಅಚ್ಚಿನ ಕೆಲಸ ಶುರುಮಾಡಿಸಿದ ಕಲಾವಿದ ಜೇಮ್ಸ್ ಹ್ಯೂಸ್ಟನ್ 1958ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಅಚ್ಚು ಕಲಾವಿದ ಉನ್‌ಇಚಿ ಹಿರಾತ್ಸುಕಾ ಅವರಲ್ಲಿ ಮರದಚ್ಚಿನ ಕೆಲಸ ಕಲಿತು ಬಂದರು. ಮರ ಬೆಳೆಯದ ಕಿಂಗೈಟ್‌ನಲ್ಲಿ ಕಲ್ಲು ಕೆತ್ತುವ ಕೈ ಮೊದಲೇ ಪಳಗಿತ್ತು, ಹಾಗಾಗಿ ಮರದ ಬದಲು ಕಲ್ಲೇ ಅಚ್ಚಾಯಿತು. 1959ರಿಂದ ಇಲ್ಲಿನ ಸಹಕಾರ ಸಂಘ ಪ್ರತಿವರ್ಷ ಅಚ್ಚುಚಿತ್ರಗಳ ಸಂಗ್ರಹ ಹೊರತರತೊಡಗಿತು.

ಈ ಗೂಬೆಯ ಪ್ರತಿಗಳು ಒಟ್ಟು 50: ಅರ್ಧ ಕೆಂಪು-ಕಪ್ಪು, ಅರ್ಧ ಹಸಿರು-ಕಪ್ಪು. 1970ರಲ್ಲಿ ಇದು ಕೆನಡಾದ ಅಂಚೆಚೀಟಿಯ ಮೇಲೂ ಬಂತು.

ಕಿಂಗೈಟ್‌ನ ಅಚ್ಚುಗಳಲ್ಲಿ ಗೂಬೆಯಲ್ಲದೆ ಕಾಗೆಯ ಬಳಗದ ರೇವನ್, ಬೇಸಿಗೆಗೆ ವಲಸೆ ಬರುವ ಹೆಬ್ಬಾತು, ನೀರಹಕ್ಕಿ ಲೂನ್ ಮತ್ತೆ ಮತ್ತೆ ಕಾಣುತ್ತವೆ.