ಇಂಡೋನೇಷ್ಯಾದ ಪಂಚಶೀಲ: ಕೈಬಿಟ್ಟ ಏಳು ಪದಗಳ ಕಥೆ

ಪಂಚಶೀಲ ಎಂಬ ಪದವನ್ನು ಕೇಳಿದೊಡನೆ ನಮ್ಮಲ್ಲಿ ಕೆಲವರಿಗೆ ಬೌದ್ಧ ಧರ್ಮದ ಐದು ಶೀಲಗಳೂ, ಇನ್ನು ಕೆಲವರಿಗೆ 1954ರಲ್ಲಿ ಭಾರತ ಮತ್ತು ಚೀನಾ ಒಪ್ಪಿಕೊಂಡ ಐದು ಸೂತ್ರಗಳೂ ನೆನಪಾಗುತ್ತವೆ. ಇದೇ ಹೆಸರಿನ ಮತ್ತೊಂದು ಪಂಚಶೀಲವಿದೆ. ಅದು ಇಂಡೋನೇಷ್ಯಾದ ರಾಷ್ಟ್ರತತ್ತ್ವ. ಅಲ್ಲಿನವರ ಉಚ್ಚಾರಣೆಯಲ್ಲಿ 'ಪಂಚಸಿಲ'. 17,000ಕ್ಕೂ ಹೆಚ್ಚು ದ್ವೀಪಗಳ ಆ ದೇಶದಲ್ಲಿ ಶೇಕಡಾ 87ರಷ್ಟು ಜನರು ಮುಸಲ್ಮಾನರು. ಹಾಗಿದ್ದರೂ ಅದರ ಸಂವಿಧಾನವು ಇಸ್ಲಾಮನ್ನು ರಾಷ್ಟ್ರಧರ್ಮವೆಂದು ಸಾರಿಲ್ಲ. ಧರ್ಮವನ್ನು ರಾಜ್ಯದಿಂದ ಹೊರಗಿಟ್ಟಿಯೂ ಇಲ್ಲ. ಈ ಮಧ್ಯಮ ಮಾರ್ಗ ಹೇಗೆ ರೂಪುಗೊಂಡಿತು, ಅದರಿಂದ ಯಾರಿಗೆ ಆಸರೆ ದೊರೆಯಿತು, ಯಾರು ಹೊರಗುಳಿದರು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಸುಕಾರ್ನೊ ಅವರ ಭಾಷಣ

ಎರಡನೆಯ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, ಜಪಾನಿನ ಆಡಳಿತದಡಿಯಲ್ಲಿಯೇ, ಸ್ವಾತಂತ್ರ್ಯದ ಸಿದ್ಧತೆಗಾಗಿ ಒಂದು ಸಮಿತಿ ರಚನೆಯಾಯಿತು. ಸ್ವತಂತ್ರ ರಾಷ್ಟ್ರದ ತಳಹದಿ ಯಾವುದಿರಬೇಕು ಎಂಬ ಪ್ರಶ್ನೆ ಅದರ ಮುಂದೆ ಬಂದಿತು. ಇಸ್ಲಾಂ ಧರ್ಮವೇ ತಳಹದಿಯಾಗಬೇಕೆಂದು ಒಂದು ಪಕ್ಷ. ರಾಜ್ಯವು ಯಾವುದೇ ಒಂದು ಧರ್ಮಕ್ಕೆ ಸೇರಿದ್ದಾಗಬಾರದೆಂದು ಇನ್ನೊಂದು ಪಕ್ಷ. 1945ರ ಜೂನ್ 1ರಂದು ಸುಕಾರ್ನೊ ಅವರು ಮಾಡಿದ ಭಾಷಣದಲ್ಲಿ ಐದು ತತ್ತ್ವಗಳನ್ನು ಮುಂದಿಟ್ಟರು: ರಾಷ್ಟ್ರೀಯತೆ, ಮಾನವೀಯತೆ, ಸಮಾಲೋಚನೆಯ ಪ್ರಜಾತಂತ್ರ, ಸಾಮಾಜಿಕ ಕ್ಷೇಮ ಮತ್ತು ದೈವಶ್ರದ್ಧೆ. ಭಾಷಾಪಂಡಿತ ಮಿತ್ರರೊಬ್ಬರ ಸಲಹೆಯಂತೆ ಇವಕ್ಕೆ ಪಂಚಸಿಲ ಎಂಬ ಹೆಸರನ್ನು ಇಟ್ಟಿರುವುದಾಗಿ ಅವರೇ ಹೇಳಿದರು. ಈ ಪಟ್ಟಿಯಲ್ಲಿ ದೈವಶ್ರದ್ಧೆಗೆ ಕೊನೆಯ ಸ್ಥಾನವಿತ್ತು.

ಏಳು ಪದಗಳು

ಬಳಿಕ ಒಂಬತ್ತು ಜನರ ಉಪಸಮಿತಿಯೊಂದು ಜೂನ್ 22ರಂದು ಸಂವಿಧಾನದ ಪೀಠಿಕೆಯ ಕರಡನ್ನು ಸಿದ್ಧಪಡಿಸಿತು. 'ಜಕಾರ್ತಾ ಸನ್ನದು' ಎಂದು ಹೆಸರಾದ ಈ ಕರಡಿನಲ್ಲಿ ದೈವಶ್ರದ್ಧೆ ಮೊದಲ ಸ್ಥಾನಕ್ಕೇರಿತು. ಅದರ ಜೊತೆಗೆ, ಇಸ್ಲಾಂ ಅನುಯಾಯಿಗಳು ಷರಿಯತ್ ಪಾಲಿಸುವ ಹೊಣೆ ಹೊಂದಿರುತ್ತಾರೆ ಎಂಬ ಅರ್ಥದ ಮಾತೂ ಸೇರಿತು. ಇಂಡೋನೇಷ್ಯಾದ ಭಾಷೆಯಲ್ಲಿ ಇದು ಏಳೇ ಪದಗಳು. ಉಪಸಮಿತಿಯಲ್ಲಿದ್ದ ಏಕೈಕ ಕ್ರೈಸ್ತ ಸದಸ್ಯ ಮಾರಾಮಿಸ್ ಅವರೂ ಸಹಿ ಹಾಕಿದ್ದರು.

ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆಯಾಯಿತು. ಅದೇ ದಿನ ಜಪಾನಿ ನೌಕಾಪಡೆಯ ಅಧಿಕಾರಿಯೊಬ್ಬರ ಮೂಲಕ ಮೊಹಮ್ಮದ್ ಹತ್ತಾ ಅವರಿಗೆ ಒಂದು ಸುದ್ದಿ ತಲುಪಿತು. ಏಳು ಪದಗಳು ಉಳಿದರೆ ಪೂರ್ವ ಭಾಗದ ಕ್ರೈಸ್ತರು ಗಣರಾಜ್ಯದಿಂದ ಹೊರಗುಳಿಯಬಹುದು ಎಂಬುದೇ ಆ ಸುದ್ದಿ. ಮರುದಿನ ಬೆಳಿಗ್ಗೆ ಹತ್ತಾ ಅವರು ಮುಸ್ಲಿಂ ನಾಯಕರೊಂದಿಗೆ ಮಾತುಕತೆ ನಡೆಸಿದರು. ಮುಹಮ್ಮದೀಯಾ ಸಂಸ್ಥೆಯ ಹಿರಿಯರಾದ ಕಿ ಬಾಗುಸ್ ಹಾದಿಕುಸುಮೊ ಅವರೂ ಒಪ್ಪಿದ ಮೇಲೆ ಆ ಪದಗಳನ್ನು ತೆಗೆದು, 'ಏಕಮೇವ ಪರಮಾತ್ಮನಲ್ಲಿ ಶ್ರದ್ಧೆ' ಎಂಬರ್ಥದ ಮಾತನ್ನು ಸೇರಿಸಲಾಯಿತು. ಅಧ್ಯಕ್ಷರು ಮುಸಲ್ಮಾನರೇ ಆಗಿರಬೇಕೆಂಬ ನಿಯಮವನ್ನೂ ಬಿಡಲಾಯಿತು. ಅಂದೇ ಸಂವಿಧಾನ ಅಂಗೀಕೃತವಾಯಿತು.

ತತ್ತ್ವಗಳು ಮತ್ತು ಪದಸಂಪತ್ತು

ಹೀಗೆ ಅಂತಿಮ ರೂಪ ಪಡೆದ ಐದು ತತ್ತ್ವಗಳು ಇವು: ಏಕದೇವನಲ್ಲಿ ಶ್ರದ್ಧೆ; ನ್ಯಾಯಯುತವೂ ಸುಸಂಸ್ಕೃತವೂ ಆದ ಮಾನವೀಯತೆ; ಇಂಡೋನೇಷ್ಯಾದ ಏಕತೆ; ಪ್ರತಿನಿಧಿಗಳ ಸಮಾಲೋಚನೆಯಿಂದ ಮೂಡುವ ವಿವೇಕವು ನಡೆಸುವ ಪ್ರಜಾಪ್ರಭುತ್ವ; ಸಮಸ್ತ ಜನರಿಗೆ ಸಾಮಾಜಿಕ ನ್ಯಾಯ.

ಈ ವಾಕ್ಯಗಳ ಪದಗಳು ಕನ್ನಡಿಗರಿಗೆ ತೀರ ಅಪರಿಚಿತವಲ್ಲ. ಎರಡನೆಯ ತತ್ತ್ವದಲ್ಲಿ ಸಂಸ್ಕೃತದ 'ಮನುಷ್ಯ'ನಿದ್ದಾನೆ. ನಾಲ್ಕನೆಯದರಲ್ಲಿ ವಿವೇಕಕ್ಕೆ ಬಳಸಿದ 'ಬಿಜಕ್ಸಾನ' ಎಂಬುದು ನಮ್ಮ 'ವಿಚಕ್ಷಣ'ವೇ. ಜನತೆ ಎಂಬರ್ಥದ 'ರಾಕ್ಯತ್' ಹಾಗೂ ನಮ್ಮ 'ರೈತ' ಒಂದೇ ಅರಬ್ಬೀ ಮೂಲದವು. ಪ್ರಾತಿನಿಧ್ಯವನ್ನು ಸೂಚಿಸುವ ಪದದೊಳಗೆ ನಮ್ಮ 'ವಕೀಲ'ರೂ ಅಡಗಿದ್ದಾರೆ. 1950ರಲ್ಲಿ ಅಂಗೀಕೃತವಾದ ರಾಷ್ಟ್ರಲಾಂಛನ ಗರುಡ. ಅದರ ಪ್ರತಿ ರೆಕ್ಕೆಯಲ್ಲಿ 17, ಬಾಲದಲ್ಲಿ 8, ಕೊರಳಲ್ಲಿ 45 ಗರಿಗಳು ಸ್ವಾತಂತ್ರ್ಯ ಘೋಷಣೆಯ ದಿನಾಂಕವನ್ನು ಸೂಚಿಸುತ್ತವೆ.

ಪರೀಕ್ಷೆಯ ವರ್ಷಗಳು

ಏಳು ಪದಗಳನ್ನು ಬಿಟ್ಟದ್ದು ಎಲ್ಲರಿಗೂ ಸಮ್ಮತವಾಗಿರಲಿಲ್ಲ. 1949ರಲ್ಲಿ ಪಶ್ಚಿಮ ಜಾವಾದಲ್ಲಿ ಕಾರ್ತೋಸುವಿರ್ಯೊ ಅವರು ಇಸ್ಲಾಮಿಕ್ ರಾಜ್ಯವನ್ನು ಘೋಷಿಸಿದರು. ಅಲ್ಲಿನ ಬಂಡಾಯ ಅಡಗಿದ್ದು 1962ರಲ್ಲಿ. 1955ರಲ್ಲಿ ಚುನಾಯಿತವಾದ ಸಂವಿಧಾನ ಸಭೆಯಲ್ಲಿ ಇದೇ ಚರ್ಚೆ ಮರಳಿತು. ಯಾವ ಪಕ್ಷಕ್ಕೂ ಮೂರನೇ ಎರಡರಷ್ಟು ಬಹುಮತ ದೊರೆಯದೆ, 1959ರ ಜುಲೈ 5ರಂದು ಸುಕಾರ್ನೊ ಅವರು ಸಭೆಯನ್ನು ವಿಸರ್ಜಿಸಿ 1945ರ ಸಂವಿಧಾನವನ್ನೇ ಮತ್ತೆ ಜಾರಿಗೊಳಿಸಿದರು.

ಸುಹಾರ್ತೊ ಅವರ ಕಾಲದಲ್ಲಿ ಇದೇ ತತ್ತ್ವ ಅಧಿಕಾರದ ಆಯುಧವಾಯಿತು. 1965-66ರಲ್ಲಿ ಕಮ್ಯುನಿಸ್ಟರೆಂಬ ಆರೋಪದ ಮೇಲೆ ಲಕ್ಷಾಂತರ ಜನರು ಹತರಾದರು; ಪಂಚಸಿಲವನ್ನು ರಕ್ಷಿಸಿದೆವೆಂಬುದು ಆಳುವವರ ಸಮರ್ಥನೆ. 1985ರ ಕಾನೂನು ಎಲ್ಲ ಸಾರ್ವಜನಿಕ ಸಂಘಟನೆಗಳೂ ಪಂಚಸಿಲವನ್ನೇ ಏಕೈಕ ತಳಹದಿಯಾಗಿ ಒಪ್ಪಬೇಕೆಂದು ಕಡ್ಡಾಯಗೊಳಿಸಿತು.

1998ರಲ್ಲಿ ಸುಹಾರ್ತೊ ಪದಚ್ಯುತರಾದ ನಂತರವೂ ತತ್ತ್ವ ಉಳಿಯಿತು ಎಂಬುದು ಗಮನಾರ್ಹ. 2002ರಲ್ಲಿ ಕೆಲವು ಪಕ್ಷಗಳು ಏಳು ಪದಗಳನ್ನು ಸಂವಿಧಾನಕ್ಕೆ ಮರಳಿ ತರಲು ಯತ್ನಿಸಿದಾಗ, ದೇಶದ ಎರಡು ಅತಿ ದೊಡ್ಡ ಮುಸ್ಲಿಂ ಸಂಸ್ಥೆಗಳಾದ ನಹ್ದಲತುಲ್ ಉಲಮಾ ಮತ್ತು ಮುಹಮ್ಮದೀಯಾ ಬೆಂಬಲ ನೀಡಲಿಲ್ಲ, ಯತ್ನ ವಿಫಲವಾಯಿತು. ಜೂನ್ 1ನ್ನು ಪಂಚಸಿಲ ಜನ್ಮದಿನವೆಂದು 2016ರಲ್ಲಿ ಅಧ್ಯಕ್ಷ ಜೋಕೊ ವಿಡೋಡೊ ಅವರು ಘೋಷಿಸಿದರು.

ಮಿತಿಗಳು

ಮೊದಲ ತತ್ತ್ವ ಒಂದು ಆಸರೆಯೂ ಹೌದು, ಒಂದು ಷರತ್ತೂ ಹೌದು. ಅನೇಕ ದೇವತೆಗಳನ್ನು ಪೂಜಿಸುವ ಬಾಲಿಯ ಹಿಂದೂಗಳು 'ಸಂಗ್ ಹ್ಯಾಂಗ್ ವಿಧಿ' ಎಂಬ ಒಬ್ಬನೇ ಪರಮಾತ್ಮನನ್ನು ಮುಂದಿರಿಸಿಯೇ ಸರ್ಕಾರದ ಮಾನ್ಯತೆ ಪಡೆಯಬೇಕಾಯಿತು. ಇಂದು ಇಸ್ಲಾಂ, ಪ್ರೊಟೆಸ್ಟಂಟ್, ಕ್ಯಾಥೊಲಿಕ್, ಹಿಂದೂ, ಬೌದ್ಧ ಮತ್ತು ಕನ್‌ಫ್ಯೂಷಿಯಸ್ ಎಂಬ ಆರು ಧರ್ಮಗಳಿಗೆ ಅಧಿಕೃತ ಮನ್ನಣೆಯಿದೆ. ಬುಡಕಟ್ಟುಗಳ ಮೂಲ ನಂಬಿಕೆಗಳನ್ನು ಗುರುತಿನ ಚೀಟಿಯಲ್ಲಿ ನಮೂದಿಸುವ ಹಕ್ಕನ್ನು ಸಂವಿಧಾನ ನ್ಯಾಯಾಲಯ ಎತ್ತಿಹಿಡಿದದ್ದು 2017ರಲ್ಲಿ. ಅದೇ ವರ್ಷ ಜಕಾರ್ತಾದ ಕ್ರೈಸ್ತ ರಾಜ್ಯಪಾಲರಾಗಿದ್ದ ಬಾಸುಕಿ ಪೂರ್ಣಮ ಅವರಿಗೆ ಧರ್ಮನಿಂದನೆಯ ಆರೋಪದ ಮೇಲೆ ಎರಡು ವರ್ಷಗಳ ಸೆರೆವಾಸ ವಿಧಿಸಲಾಯಿತು. ಆಚೆ ಪ್ರಾಂತ್ಯದಲ್ಲಿ ವಿಶೇಷ ಸ್ವಾಯತ್ತತೆಯಡಿ ಷರಿಯತ್ ಜಾರಿಯಲ್ಲಿದೆ.

ನಮ್ಮ ದೇಶದಲ್ಲಿಯೂ ಇದನ್ನು ಹೋಲುವ ಪ್ರಶ್ನೆಯೊಂದು ಎದುರಾಗಿತ್ತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ, ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತ್ ಅವರು ಪೀಠಿಕೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂಬ ತಿದ್ದುಪಡಿಯನ್ನು ಮಂಡಿಸಿದರು. ಅದರ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಿದ್ದು, ತಿದ್ದುಪಡಿ ಬಿದ್ದುಹೋಯಿತು. ಭಾರತ ದೇವರ ಹೆಸರನ್ನು ಪೀಠಿಕೆಯಿಂದ ಹೊರಗಿಟ್ಟಿತು. ಇಂಡೋನೇಷ್ಯಾ ದೇವರನ್ನು ಉಳಿಸಿಕೊಂಡು ಒಂದು ಧರ್ಮದ ಹೆಸರನ್ನು ಮಾತ್ರ ಬಿಟ್ಟಿತು. ಅಂದು ಹತ್ತಾ ಅವರ ಮಾತಿಗೆ ಒಪ್ಪಿದವರಿಗೆ ಸಂಖ್ಯಾಬಲದ ಕೊರತೆ ಇರಲಿಲ್ಲ. ದೂರದ ದ್ವೀಪಗಳ ಅಲ್ಪಸಂಖ್ಯಾತರು ತಮ್ಮೊಂದಿಗೆ ಉಳಿಯಬೇಕೆಂಬ ಕಾರಣಕ್ಕೆ ಅವರು ತಮಗೆ ಪ್ರಿಯವಾದ ಏಳು ಪದಗಳನ್ನು ಬಿಟ್ಟುಕೊಟ್ಟರು.