ಆ ಒಂದು ತಾಸು ಕೊಡುವವರು ಯಾರು?

ಮುಂಡರಗಿಗೆ ಸಮುದ್ರ ಇಲ್ಲ ವೀಕ್ಷಕರೇ. ಒಂದು ಕಡೆ ಕಪ್ಪತಗುಡ್ಡ, ಇನ್ನೊಂದು ಕಡೆ ತುಂಗಭದ್ರೆ. ಆದರೂ ಇವತ್ತು ಹಡಗಿನ ಮಾತಿನಿಂದಲೇ ಶುರು ಮಾಡ್ತೀನಿ. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈ ಬಂದರಿನಿಂದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಪ್ರವಾಸ ಆರಂಭಿಸಿತು. ಗೋವಾ, ಕೊಚ್ಚಿ, ಲಕ್ಷದ್ವೀಪ. ಅಲ್ಲಿಂದ ಈಚೆಗೆ ಕ್ರೂಸ್ ಅನ್ನೋದು ನಮ್ಮ ಮಧ್ಯಮವರ್ಗದ ಮನೆಗಳಲ್ಲೂ ರಜೆಯ ಮಾತಾಗಿದೆ.

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಒಂದು ಸಣ್ಣ ಕೋಣೆ. ಇಂಥ ಪ್ರವಾಸ ಮುಗಿಸಿ ಬಂದ ಯಾವುದೇ ತಂದೆ-ತಾಯಿಯನ್ನು ಕೇಳಿ ನೋಡಿ, ನೀವಿಬ್ಬರೇ ಕೂತು ಅರ್ಧ ಗಂಟೆ ಮಾತಾಡಿದ್ರಾ ಅಂತ. ‘ಎಲ್ಲಿ ಸರ್, ಹುಡುಗರ ಹಿಂದೆ ಓಡೋದೇ ಆಯ್ತು’ ಅನ್ನುವವರೇ ಹೆಚ್ಚು.

ಈ ಸಮಸ್ಯೆ ಹಡಗಿನ ಕಂಪನಿಗಳಿಗೂ ಗೊತ್ತಿತ್ತು. ಮೋಜಿನ ಹಡಗು ಪ್ರಯಾಣದ ಇತಿಹಾಸ ಹೇಳುವವರು ಸಾಮಾನ್ಯವಾಗಿ 1891ರ ಜನವರಿಯಿಂದ ಶುರು ಮಾಡ್ತಾರೆ. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಜನ ಕಡಿಮೆ, ಹಡಗು ಸುಮ್ಮನೆ ನಿಲ್ಲುತ್ತಿತ್ತು. ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್ ಎಂಬಾತ ‘ಆಗಸ್ಟಾ ವಿಕ್ಟೋರಿಯಾ’ ಹಡಗಿಗೆ 241 ಪ್ರಯಾಣಿಕರನ್ನು ಹತ್ತಿಸಿ ಮೆಡಿಟರೇನಿಯನ್ ಕಡೆ ಕಳಿಸಿದ. ಅದು ಹಣವಂತರ ಮೋಜು. ಮಕ್ಕಳನ್ನು ಎಲ್ಲಿ ಕೂರಿಸೋದು ಅನ್ನುವ ಚಿಂತೆ ಆ ವ್ಯಾಪಾರಕ್ಕೆ ದೊಡ್ಡದಾಗಿ ಬಂದದ್ದು ಬಹಳ ತಡವಾಗಿ. 1998ರಲ್ಲಿ ಹೊರಟ ‘ಡಿಸ್ನಿ ಮ್ಯಾಜಿಕ್’ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ಇಡೀ ಅಂತಸ್ತನ್ನೇ ಮಕ್ಕಳಿಗೆ ಬಿಟ್ಟರು. ಅದೇ ಹಡಗಿನಲ್ಲಿ ದೊಡ್ಡವರಿಗೆ ಮಾತ್ರ ಅಂತ ಒಂದು ಹೋಟೆಲ್, ದೊಡ್ಡವರಿಗೆ ಮಾತ್ರ ಅಂತ ಒಂದು ಈಜುಕೊಳ. ಮಗು ಅತ್ತರೆ ಕರೆಯೋಣ ಅಂತ ತಂದೆ-ತಾಯಿ ಕೈಗೆ ಪೇಜರ್!

ಗಮನಿಸಿ. ಟಿಕೆಟ್ಟಿನಲ್ಲಿ ಸಮುದ್ರದ ಜೊತೆಗೆ ಇನ್ನೊಂದು ಸಾಮಾನೂ ಮಾರಾಟಕ್ಕಿತ್ತು. ನಿಮ್ಮ ಮಗುವನ್ನು ಒಂದೆರಡು ತಾಸು ನೋಡಿಕೊಳ್ಳುವ ಕೈ.

ಇದನ್ನು ಅಮೆರಿಕದವರೇ ಕಂಡುಹಿಡಿದರು ಅಂದ್ಕೋಬೇಡಿ. ಮುಂಡರಗಿಯ ಹಳೇ ಮನೆಗೆ ಬನ್ನಿ. ಪಡಸಾಲಿಯಲ್ಲಿ ಗಂಡಸರು, ಒಳಗೆ ಹೆಂಗಸರು, ಎಲ್ಲಾ ಕಡೆ ಮಕ್ಕಳು. ಹಿರಿಯರ ಎದುರು ಗಂಡ ಹೆಂಡತಿ ನೇರವಾಗಿ ಮಾತಾಡುವ ಹಾಗಿಲ್ಲ. ಹೆಂಡತಿ ಗಂಡನ ಹೆಸರು ಹೇಳಬೇಕು ಅಂದ್ರೆ ಮದುವೆ, ಕುಬಸದಂಥ ದಿನ ಬರಬೇಕು, ಅದೂ ಒಡಪಿನಲ್ಲಿ. ಆಷಾಢ ಬಂತು ಅಂದ್ರೆ ಹೊಸ ಸೊಸೆ ತವರಿಗೆ. ಮೊದಲ ಹೆರಿಗೆಗೆ ಮತ್ತೆ ತಿಂಗಳುಗಟ್ಟಲೆ ತವರಿಗೆ. ಹಬ್ಬಕ್ಕೆ ಅಳಿಯತನಕ್ಕೆ ಹೋದ ಗಂಡನಿಗೆ ಅತ್ತೆ ಮನೆಯಲ್ಲಿ ಊಟದ ಉಪಚಾರ ಭರ್ಜರಿ, ಹೆಂಡತಿ ಜೊತೆ ಮಾತು ಮಾತ್ರ ಬಾಗಿಲ ಸಂದಿಯಲ್ಲಿ.

ಹಾಗಾದರೆ ಅವರಿಗೆ ಬಿಡುವು ಎಲ್ಲಿ ಸಿಗ್ತಿತ್ತು? ಜಾತ್ರೆಯಲ್ಲಿ, ನದಿ ದಂಡೆಯಲ್ಲಿ. ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ನಮ್ಮ ಭಾಗದ ಜನ ಚಕ್ಕಡಿ ಕಟ್ಟಿಕೊಂಡು ದಿನಗಟ್ಟಲೆ ಹೋಗೋದು ಇವತ್ತಿಗೂ ನಿಂತಿಲ್ಲ. ಬುತ್ತಿ, ಹಾಸಿಗೆ, ಅಜ್ಜಿ, ಮೊಮ್ಮಕ್ಕಳು ಎಲ್ಲಾ ಒಂದೇ ಬಂಡಿಯಲ್ಲಿ. ರಾತ್ರಿ ಎತ್ತು ಬಿಚ್ಚಿದ ಮೇಲೆ ಮಕ್ಕಳು ಅಜ್ಜಿಯ ಮಗ್ಗಲಿಗೆ. ಬನಶಂಕರಿ ಜಾತ್ರೆಯಲ್ಲಿ ಬಳೆ ಅಂಗಡಿ ಮುಂದೆ ನಿಂತು ಹೆಂಡತಿಗೆ ಯಾವ ಬಣ್ಣ ಬೇಕು ಅಂತ ಕೇಳೋದಿದೆಯಲ್ಲ, ಊರಲ್ಲಿ ನಾಚಿಕೆ ಪಡುತ್ತಿದ್ದ ಗಂಡಸು ಅಲ್ಲಿ ಧೈರ್ಯವಾಗಿ ಕೇಳುತ್ತಿದ್ದ. ಗದ್ದಲದಲ್ಲಿ ಯಾರು ನೋಡ್ತಾರೆ?

ಇನ್ನು ನದಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಹತ್ತಿರ ಜನ ಬುಟ್ಟಿಯಂಥ ಗುಂಡನೆಯ ದೋಣಿಗಳಲ್ಲಿ ನದಿ ದಾಟುವುದನ್ನು ಬರೆದಿದ್ದಾನೆ. ಹೆಣೆದ ಬುಟ್ಟಿ, ಹೊರಗೆ ತೊಗಲು, ಹದಿನೈದು-ಇಪ್ಪತ್ತು ಜನ ಹಿಡಿಯುತ್ತಿತ್ತಂತೆ. ನಮ್ಮ ಹರಗೋಲು ಅದೇ. ಗುಂಡನೆಯ ದೋಣಿಗೆ ಮೂಲೆ ಎಲ್ಲಿಂದ ಬರಬೇಕು? ಕೂತವರೆಲ್ಲ ಎದುರುಬದುರು. ಏಕಾಂತ ಬೇಕಿದ್ದರೆ ದಂಡೆಗೇ ಇಳಿಯಬೇಕು.

ಸಂಕ್ರಾಂತಿಗೆ ಮುಂಡರಗಿ ಸುತ್ತಿನ ಜನ ಕೊರ್ಲಹಳ್ಳಿ, ಹಮ್ಮಗಿ ಕಡೆ ಹೊಳೆಗೆ ಹೋಗ್ತಾರೆ. ಸ್ನಾನ, ಆಮೇಲೆ ದಂಡೆ ಮೇಲೆ ಊಟ. ಸಜ್ಜಿ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ. ಊಟ ಆದ ಮೇಲೆ ‘ಅತ್ತಿ, ಹುಡುಗ್ರನ್ನ ಒಂದೀಟು ನೋಡ್ಕೋರಿ’ ಅಂತ ಒಂದು ಮಾತು ಹೇಳಿ ಸೊಸೆ ಹೊಳೆ ಕಡೆ ನಡೀತಾಳೆ. ಸ್ವಲ್ಪ ಹೊತ್ತಿಗೆ ಮಗನೂ ಕಾಣಿಸೋದಿಲ್ಲ. ಅತ್ತೆಗೆ ಎಲ್ಲಾ ತಿಳೀತದೆ. ಆಕೆ ಏನೂ ಕೇಳೋದಿಲ್ಲ.

ಆಮೇಲೆ ಕಾಲ ಬದಲಾಯಿತು. 1956ರಲ್ಲಿ ಕೇಂದ್ರ ಸರ್ಕಾರಿ ನೌಕರರಿಗೆ ರಜೆ ಪ್ರವಾಸದ ರಿಯಾಯಿತಿ ಬಂತು. 1971ರಲ್ಲಿ ನಮ್ಮ ರಾಜ್ಯದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು. ಜಾತ್ರೆಯ ಜಾಗಕ್ಕೆ ನಿಧಾನವಾಗಿ ‘ಟೂರ್’ ಬಂತು. ನೌಕರಿ ಹಿಡಿದ ಮಕ್ಕಳು ಹುಬ್ಬಳ್ಳಿ, ಬೆಂಗಳೂರು, ಪುಣೆ ಸೇರಿದರು. ಮನೆಯಲ್ಲಿ ಗಂಡ ಹೆಂಡತಿಗೆ ಅಂತಲೇ ಒಂದು ಕೋಣೆ ಆಯಿತು, ಬಾಗಿಲಿಗೆ ಚಿಲಕವೂ ಬಂತು. ಆದರೆ ಬಾಗಿಲಾಚೆ ಮಗುವನ್ನು ಎತ್ತಿಕೊಳ್ಳುವ ಅಜ್ಜಿ ಊರಲ್ಲೇ ಉಳಿದಳು. ಆಕೆಯ ಕೆಲಸವನ್ನೇ ಈಗ ಹಡಗಿನವರು ದುಡ್ಡಿಗೆ ಮಾಡ್ತಿದ್ದಾರೆ.

ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳೋಕೆ ನಾನು ಹೊರಟಿಲ್ಲ. ಒಂದು ಪ್ರಶ್ನೆ ಇದೆ. ಹಡಗಿನಲ್ಲಿ ಮಗು ನೋಡಿಕೊಳ್ಳುವವರಿಗೆ ಸಂಬಳ ಇದೆ, ಪಾಳಿ ಮುಗಿದರೆ ವಿಶ್ರಾಂತಿ ಇದೆ. ಹೊಳೆ ದಂಡೆಯ ಅಜ್ಜಿಗೆ ಏನಿತ್ತು? ಮಗ-ಸೊಸೆಗೆ ಬಿಡುವು ಕೊಟ್ಟ ಆಕೆ, ತಾನು ಸೊಸೆಯಾಗಿದ್ದಾಗ ಗಂಡನ ಜೊತೆ ಎಷ್ಟು ಹೊತ್ತು ಕೂತಿದ್ದಳು? ಇವತ್ತಿಗೂ ಎಷ್ಟೋ ಮನೆಗಳಲ್ಲಿ ಪ್ರವಾಸಕ್ಕೆ ಅಪ್ಪ-ಅವ್ವನನ್ನು ಕರೆದುಕೊಂಡು ಹೋಗ್ತಾರೆ. ಪ್ರೀತಿ ಇರೋದು ನಿಜ. ಮಕ್ಕಳನ್ನು ಹಿಡ್ಕೊಳ್ಳೋಕೆ ಜನ ಬೇಕು ಅನ್ನೋ ಲೆಕ್ಕ ಇರೋದೂ ನಿಜ ಅಲ್ವಾ?

ಗಂಡ ಹೆಂಡತಿ ಒಂದು ತಾಸು ಜೊತೆಗೆ ಕೂರಬೇಕು ಅನ್ನೋದು ಸ್ವಾರ್ಥ ಅಲ್ಲ. ಮಕ್ಕಳ ಫೀಸು, ಸಾಲದ ಕಂತು, ಗ್ಯಾಸ್ ಬುಕಿಂಗ್ ಬಿಟ್ಟು ಬೇರೆ ಮಾತೇ ಇಲ್ಲದ ಮನೆಯಲ್ಲಿ ಮಕ್ಕಳಿಗೂ ಸುಖ ಇಲ್ಲ. ಆದರೆ ಆ ತಾಸನ್ನು ಇನ್ನೊಬ್ಬರು ಕೊಟ್ಟಿದ್ದಾರೆ ಅನ್ನೋ ನೆನಪು ಇರಲಿ. ಅಣ್ಣನ ಮಕ್ಕಳನ್ನು ತಮ್ಮ ನೋಡಲಿ, ತಮ್ಮನ ಮಕ್ಕಳನ್ನು ಅಣ್ಣ ನೋಡಲಿ. ಸರದಿ ಹಾಕಿಕೊಳ್ಳಿ.

ಮುಂದಿನ ಸಂಕ್ರಾಂತಿಗೆ ಕೊರ್ಲಹಳ್ಳಿಗೆ ಹೋದಾಗ ಊಟ ಆದ ಮೇಲೆ ಪಾತ್ರೆ ನೀವು ತೊಳೀರಿ, ಹುಡುಗರನ್ನು ನೀವೇ ಹಿಡ್ಕೊಳ್ರಿ. ಅಪ್ಪ-ಅವ್ವ ಇಬ್ಬರನ್ನೂ ಹೊಳೆ ದಂಡೆ ಕಡೆ ಕಳಿಸಿಬಿಡ್ರಿ. ಬರೋದು ತಡ ಆದ್ರೆ ಫೋನ್ ಮಾಡಬೇಡಿ.